ಸೇತುವೆ ಕಟ್ಟಿದ ಮನೆತನ

ಬೆಟ್ಟದ ಮೇಲೆ ರಾಮನ ಗುಡಿ. ಗುಡಿಯ ಮುಂದಿನ ಬಂಡೆಯಲ್ಲಿ ಒಂದು ಕುಳಿ. ಅದು ಸೀತಮ್ಮನ ಹೆಜ್ಜೆ ಅಂತ ಅರಿಶಿನದ ನೀರು ತುಂಬಿ ಇಡುತ್ತಾರೆ. ದರ್ಶನಕ್ಕೆ ಬಂದ ಇರುವೆ ಗಂಡ ಹೆಂಡತಿಯಲ್ಲಿ, ಹೆಂಡತಿ ಕೈಮುಗಿಯಲು ಬಗ್ಗಿದವಳು ಜಾರಿ ಆ ನೀರಿಗೆ ಬಿದ್ದಳು. ಪಕ್ಕದಲ್ಲಿ ಒಂದು ಅಳಿಲು ಕೂತಿತ್ತು. ಗಂಡ ಅದರ ಹತ್ತಿರ ಓಡಿದ.

“ಅಳಿಲಪ್ಪನವರೇ, ನಮ್ಮವಳು ಮುಳುಗ್ತಿದ್ದಾಳೆ. ಬಾಲ ಸ್ವಲ್ಪ ಇಳಿಬಿಡಿ, ಹಿಡ್ಕೊಂಡು ಹತ್ತಿ ಬರ್ತಾಳೆ.”

“ಯಾರ ಹತ್ತಿರ ಮಾತಾಡ್ತಿದ್ದೀಯ ಗೊತ್ತೇನಯ್ಯಾ? ಲಂಕೆಗೆ ಸೇತುವೆ ಕಟ್ಟಿದ ಮನೆತನ ನಮ್ಮದು. ಈ ಬೆನ್ನು ನೋಡು. ಗೆರೆಗಳು ರಾಮದೇವರೇ ಸವರಿದ್ದು.”

“ನೋಡಿದೆ ಸ್ವಾಮಿ. ಬಾಲ...”

“ಮೊದಲು ಕಥೆ ಪೂರ್ತಿ ಕೇಳು. ಗುಡಿಗೆ ಬಂದು ಅವಸರ ಮಾಡಬಾರದು.”

ಹಿರಿಯರು ಮರಳಲ್ಲಿ ಹೊರಳಿದ್ದು, ಸಮುದ್ರದಲ್ಲಿ ಮೈ ಕೊಡವಿದ್ದು, ಅಳಿಲು ಎಲ್ಲ ಹೇಳಿತು. ಕಥೆಯಲ್ಲಿ ರಾಮ ಬೆನ್ನು ಸವರುವ ಹೊತ್ತಿಗೆ ನೀರಲ್ಲಿ ಒದ್ದಾಟ ನಿಂತಿತ್ತು.

“ಅಳಬೇಡ,” ಎಂದಿತು ಅಳಿಲು. “ಮುತ್ತೈದೆಯಾಗಿ ಹೋದಳು. ಅದೂ ಸೀತಮ್ಮನ ಪಾದದಲ್ಲಿ. ಪುಣ್ಯವಂತೆ!”

“ಹೌದು ಸ್ವಾಮಿ,” ಅಂದ ಇರುವೆ. “ನಿಮ್ಮ ಪುಣ್ಯವೂ ದೊಡ್ಡದು. ಬಾಲ ಒದ್ದೆಯಾಗಲಿಲ್ಲ.”

ಗಾಳಿಗೆ ತೇಲಿ ಅಂಚಿಗೆ ಬಂದವಳನ್ನು ಹೊತ್ತುಕೊಂಡು ಅವನು ಬೆಟ್ಟ ಇಳಿದ. ಅವಳ ಮೈಯೆಲ್ಲ ಅರಿಶಿನವಾಗಿತ್ತು.

ಅಳಿಲು ಆಗಲೇ ಮುಂದಿನ ಭಕ್ತರಿಗೆ ಕಥೆ ಶುರು ಮಾಡಿತ್ತು. ಈಗ ಅದರ ಕೊನೆಗೆ ಹೊಸ ಮಾತು ಸೇರಿತ್ತು.

“ಇದೇ ನೀರಲ್ಲಿ ಒಂದು ಇರುವೆಗೆ ಮೋಕ್ಷವಾಯಿತು. ನಾನು ಪಕ್ಕದಲ್ಲೇ ಇದ್ದೆ.”