ಶಿಂಪಿಗೇರ ಇಠೋಬಣ್ಣನ ಹಗೂರ ಡೇರೆ

ಭಾಳ ಹಿಂದಿನ ಮಾತು. ಎಷ್ಟು ಹಿಂದಿಂದು ಅಂತ ಕೇಳಬ್ಯಾಡ್ರಿ. ಕೇಳಿದ್ರ ನಾ ಒಂದು ಹೇಳ್ತೀನಿ, ನಿಮ್ಮಜ್ಜ ಇನ್ನೊಂದು ಹೇಳ್ತಾನ, ಇಬ್ಬರದೂ ಸುಳ್ಳಾಗತೈತಿ. ಆಗ ಒಂದು ಊರಿತ್ತು, ನಮ್ಮದ. ಆ ಊರಾಗ ಒಬ್ಬ ಶಿಂಪಿಗ ಇದ್ದ, ಇಠೋಬಣ್ಣ ಅಂತ. ಬಟ್ಟಿ ಹೊಲಿಯೋದು ಅವನ ಕಸಬು. ಅಂವ ಹೊಲಿದ ಅಂಗಿ ಹಾಕ್ಕೊಂಡು ಲಗ್ನಾದಾಂವ, ಅದ ಅಂಗಿ ಹಾಕ್ಕೊಂಡು ಮೊಮ್ಮಗನ ಲಗ್ನ ಮಾಡಿದ ಅಂತಾರ. ಆಗ ಊಟ ಕಡಿಮಿ ಇತ್ತು, ಮೈ ಬೆಳೀತಿದ್ದಿಲ್ಲ. ಇದ್ದರೂ ಇರಬಹುದು.

ಆ ಊರಿಂದ ವರ್ಷಾ ಆಷಾಢದಾಗ ದಿಂಡಿ ಹೊಂಡತಿತ್ತು. ದಿಂಡಿ ಅಂದ್ರ ಇಠ್ಠಲನ ಹಾಡು ಹಾಡಕೋತ ಪಂಢರಪುರಕ್ಕ ನಡಕೊಂಡು ಹೋಗೋ ಮಂದಿ. ಹದಿನೈದು ದಿನದ ದಾರಿ. ಗಂಡಸರ ಹೆಗಲ ಮ್ಯಾಲ ಪತಾಕಿ, ಹೆಂಗಸರ ತಲಿ ಮ್ಯಾಲ ಹಿತ್ತಾಳಿ ತುಳಸಿ ಕಟ್ಟಿ, ಎಲ್ಲಾರ ತಲಿ ಮ್ಯಾಲ ಮಳಿ. ರಾತ್ರಿ ಮಲಗಾಕ ಒಂದು ದೊಡ್ಡ ಡೇರೆ ಇತ್ತು. ಡೇರೆ ಹೊರಾಕ ಒಂದು ಬಂಡಿ, ಬಂಡಿ ಎಳಿಯಾಕ ಎರಡು ಎತ್ತು. ಎರಿ ನೆಲದಾಗ ಬಂಡಿ ಹುಗೀತಿತ್ತು. ಬಂಡಿ ಎತ್ತಿ ಎತ್ತಿ ಮಂದಿ ಸಾಕಾಗಿ, ಡೇರೆ ಹೊಡಿಯಾಕ ಕಸುವು ಉಳೀತಿದ್ದಿಲ್ಲ. ಎಷ್ಟೋ ಸಲ ಡೇರೆ ಬಂಡ್ಯಾಗ ಬೆಚ್ಚಗ ಮಲಗತಿತ್ತು, ಮಂದಿ ಬಂಡಿ ಕೆಳಗ ಮಲಗತಿದ್ರು ಅಂತಾರ.

ಇದನ್ನ ನೋಡಿ ಇಠೋಬಣ್ಣಗ ಒಂದು ವಿಚಾರ ಬಂತು. ಒಬ್ಬೊಬ್ಬರು ತಮ್ಮ ತಮ್ಮ ಡೇರೆ ತಾವ ಹೊತ್ತು ನಡದ್ರ ಹೆಂಗ? ಹಗೂರ ಡೇರೆ. ಬಗಲಾಗ ಹಿಡಕೊಂಡು ಹೋಗೋವಂಥಾದ್ದು.

ಮೊದಲನೇ ಡೇರೆ ಎದ್ದು ನಿಂತಿತು, ಇಳೀಲಿಲ್ಲ. ಒಂದು ತಿಂಗಳು ಅಂಗಳದಾಗ ಹಂಗ ನಿಂತಿತ್ತು, ಅದರಾಗ ಒಂದು ಕೋಳಿ ಮರಿ ಮಾಡಿತು. ಎರಡನೇದು ಇಳೀತು, ಆದ್ರ ಇಠೋಬಣ್ಣನ ಮ್ಯಾಲ. ಬಾಜೂ ಮನಿಯಾಕಿ, ಯಾರೋ ಹಾಸಿಗಿ ಒಣಗಾಕ ಹಾಕ್ಯಾರ ಅಂತ ತಿಳಕೊಂಡು, ದೂಳ ಹೋಗಲಿ ಅಂತ ನಾಕು ಬಡಿಗಿ ಏಟು ಹಾಕಿದ್ಲು. ಮೂರನೇದು ಗಾಳಿಗೆ ಹಾರಿ ಹೋತು. ಅದರ ಗೂಟಕ್ಕ ಆಡು ಕಟ್ಟಿದ್ರು. ಆಡು ಸಂಜಿಗೆ ತಿರುಗಿ ಬಂತು, ಡೇರೆ ಬರಲಿಲ್ಲ.

ಅವನ ಹೇಣ್ತಿ ಸುಂದ್ರವ್ವ, "ನಿಮ್ಮ ಕೈಯಾಗ ಇದ್ದಿದ್ರ ಆಡೂ ಬರತಿದ್ದಿಲ್ಲ" ಅಂದ್ಲಂತ.

ನಾಕನೇದು ಮಾತ್ರ ಡೇರೆ ಆತು. ನಡುವಿನ ಕಂಬಕ್ಕ ಗಂಡಸರದು ಪತಾಕಿ ಕೋಲು, ಹೆಂಗಸರದು ಊರುಗೋಲು. ಕಂಬದ ಭಾರನ ಇಲ್ಲ, ಅದು ಹೆಂಗಿದ್ರೂ ಕೈಯಾಗ ಇರೋದ. ಸುತ್ತ ಆರು ಸಣ್ಣ ಗೂಟ. ತೆಳು ಹತ್ತಿ ಬಟ್ಟಿ, ಮಡಚಿದ್ರ ತಲಿದಿಂಬಿನಷ್ಟ. ನೀರು ತಡಿಯಾಕ ಅಗಸಿ ಎಣ್ಣಿಗೆ ಜೇನಮೇಣ ಕಾಸಿ ಹಾಕಿ ಮೂರು ಕೈ ಹಚ್ಚಿದ. ಒಂದು ಕೈ ಹಚ್ಚೋದು, ಬಿಸಲಿಗೆ ಒಣಗಸೋದು, ಮತ್ತೊಂದು ಕೈ. ಅದರ ಮ್ಯಾಲ ಕೊಡ ನೀರು ಸುರುವಿದ್ರ ತಾವರಿ ಎಲಿ ಮ್ಯಾಲಿಂದ ಜಾರಿದಂಗ ಜಾರತಿತ್ತು ಅಂತಾರ.

ಅಷ್ಟಕ್ಕ ಸುಮ್ಮನಿದ್ದಿದ್ರ ಅಂವ ಬರೇ ಶ್ಯಾಣ್ಯಾ ಆಗಿರತಿದ್ದ, ನಾವು ಇವತ್ತ ಅವನ ಮಾತು ಆಡತಿದ್ದಿಲ್ಲ. ಆದ್ರ ಅಂವ ಅದ ದಿನ ಗುಡಿ ಕಟ್ಟಿ ಮ್ಯಾಲ, ಊರೆಲ್ಲಾ ಕುಂತಾಗ, ಎದಿ ಬಡಕೊಂಡು ಹೇಳಿದ: ನನ್ನ ಡೇರೆ ತುಳಸಿ ಕಟ್ಟಿಕ್ಕಿಂತ ಒಂದು ಎಳಿ ಹೆಚ್ಚು ತೂಗಿದ್ರ ನಾ ಸೂಜಿ ಕೆಳಗಿಡ್ತೀನಿ. ತೂಗಿ ನೋಡಿರಲಿಲ್ಲ. ನಮ್ಮೂರ ಮಂದೀದು ಮೊದಲಿಂದ ಹಂಗ, ಮಾತು ಮುಂದ, ತಕ್ಕಡಿ ಹಿಂದ.

ಮನಿಗೆ ಹೋಗಿ ತೂಗಿದ. ಡೇರೆ ಹೆಚ್ಚಾತು. ಗೂಟ ಕೆತ್ತಿದ, ಹಗ್ಗ ಕತ್ತರಿಸಿದ, ಆದ್ರೂ ಹೆಚ್ಚು. ಭಾರ ಎಲ್ಲಾ ಎಣ್ಯಾಗ ಇತ್ತು. ಮತ್ತೊಂದು ಡೇರೆ ಹೊಲಿದು ಒಂದ ಕೈ ಎಣ್ಣಿ ಹಚ್ಚಿದ. ತೂಕ ಸರಿಹೋತು. ನೀರು ಸುರುವಿದ. ನೀರು ಅವಸರ ಮಾಡಲಿಲ್ಲ, ಒಂದೀಟು ವಿಚಾರ ಮಾಡಿ ಒಳಗ ಬಂತು.

ಆಮ್ಯಾಲ ಇಠೋಬಣ್ಣ ಮಾಡಿದ್ದನ್ನ ಹೇಳಾಕ ನಮಗ ಇವತ್ತಿಗೂ ನಾಚಿಕಿ. ಗುಡಿ ಮುಂದ ಊರು ಕೂಡಿದಾಗ ತಕ್ಕಡಿಗೆ ಒಂದ ಕೈ ಎಣ್ಣಿ ಡೇರೆ ಇಟ್ಟ. ನೀರು ಸುರುವೋ ಹೊತ್ತಿಗೆ ಮೂರು ಕೈ ಎಣ್ಣಿ ಡೇರೆ ಹೊಡದ. ಎರಡೂ ದೂರಿಂದ ನೋಡಾಕ ಒಂದ. ತೂಕದಾಗ ತುಳಸಿ ಕಟ್ಟಿ ಮತ್ತ ಡೇರೆ ಸರಿ ನಿಂತವು. ಹತ್ತು ಕೊಡ ನೀರಿಗೆ ಒಂದು ಹನಿ ಒಳಗ ಬೀಳಲಿಲ್ಲ. ಮಂದಿ ಅವನ್ನ ಹೆಗಲ ಮ್ಯಾಲ ಹೊತ್ತು ಕುಣದ್ರು ಅಂತಾರ. ಅವನ ತೂಕ ಯಾರೂ ನೋಡಲಿಲ್ಲ.

ಎಲ್ಲಾರಕ್ಕಿಂತ ಮುಂದ ಡೇರೆ ಕೇಳಿದಾಕಿ ಗೋದವ್ವ ಅನ್ನೋ ಮುದುಕಿ. ಹನ್ನೆರಡು ವರ್ಷ, ಒಂದೂ ಬಿಡದಂಗ, ತಲಿ ಮ್ಯಾಲ ತುಳಸಿ ಹೊತ್ತು ಕಾಲಿಲೆ ನಡದು ಬರ್ತೀನಿ ಅಂತ ಇಠ್ಠಲಗ ಬೇಡಿಕೊಂಡಿದ್ಲು. ಹನ್ನೊಂದು ಮುಗಿದಿದ್ದವು. ಬೆನ್ನು ಬಿಲ್ಲಾಗಿತ್ತು. ಇದು ತಪ್ಪಿದ್ರ ಮತ್ತ ಒಂದರಿಂದ ಶುರು ಮಾಡಾಕ ಆಯುಷ್ಯ ಇರಲಿಲ್ಲ.

"ಇಷ್ಟು ಹಗೂರ ಇದ್ರ ಹನ್ನೆರಡನೇದೂ ಮುಗಸ್ತೀನಿ ನೋಡು, ತಮ್ಮಾ" ಅಂತ ಅವನ ಕೆನ್ನಿ ಸವರಿ ನೆಟಿಗಿ ಮುರದ್ಲಂತ. ಇಠೋಬಣ್ಣ ತಲಿ ಕೆಳಗ ಹಾಕಿದ. ನೋಡ್ರಿ, ಮನಷ್ಯಾಗ ಒಂದೀಟೂ ಸೊಕ್ಕಿಲ್ಲ ಅಂದ್ರು ಮಂದಿ.

ಇಪ್ಪತ್ತೆರಡು ಡೇರೆ ಹೊಲಿದ. ಎಲ್ಲಾಕ್ಕೂ ಒಂದ ಕೈ ಎಣ್ಣಿ. ಆ ಮೂರು ಕೈಯಿಂದನ್ನ ಗೋದವ್ವಗ ಕೊಡಲೇನು ಅಂತ ಒಂದು ದಿನ ಪೂರ್ತಿ ವಿಚಾರ ಮಾಡಿದ ಅಂತಾರ. ಕೊಟ್ರ, ಇದ್ಯಾಕ ಭಾರ ಐತಿ ಅಂತ ಆಕಿ ಕೇಳತಾಳ. ಕೇಳಿದ್ರ ಮಾತು ಹೊರಗ ಬೀಳತೈತಿ. ಹಂಗಂತ ಛಲೋ ಡೇರೆ ಕೆಡಸಬಾರದು ಅಂತ ತಾನ ಇಟಗೊಂಡ.

ದಿಂಡಿ ಹೊಂಟಿತು. ಹನ್ನೊಂದು ದಿನ ಬರೇ ತುಂತುರು ಮಳಿ. ಬಂಡಿ ಇಲ್ಲ, ಎತ್ತಿಲ್ಲ, ಮಂದಿ ಹಕ್ಕಿ ಹಂಗ ನಡದ್ರು. ಇಠೋಬಣ್ಣ ಒಬ್ಬನ ತನ್ನ ಡೇರೆ ಹೊತ್ತು ಬೆವರತಿದ್ದ. ಭಕ್ತಿ ಬೆವರು ಅಂದ್ರು.

ಹನ್ನೆರಡನೇ ದಿನ ಒಂದು ಬಯಲು ಹೊಲದಾಗ ಇಳದಾಗ ಸಂಜಿಗೆ ಶುರುವಾದ ಮಳಿ ಬೆಳಗಾದ ಮ್ಯಾಲ ನಿಂತಿತು. ಬೆಳಿಗ್ಗೆ ಇಠೋಬಣ್ಣಗ ಎಚ್ಚರಾದಾಗ ಹೊರಗ ಕೆಮ್ಮು, ಸೀನು, ಅರಬಿ ಹಿಂಡೋ ಸಪ್ಪಳ. ಒಳಗ ತಾನು ಬೆಚ್ಚಗ. ಹಿಂಗ ಹೊರಗ ಹೋದ್ರ ಏನು ಗತಿ ಅಂತ ಅತ್ತಿತ್ತ ನೋಡಿದ. ತಲಿದೆಸಿ ಕುಡಿಯೋ ನೀರಿನ ಚರಿಗಿ ಇತ್ತು. ಬಾಗಲದಾಗ ಕುಂತು ತಲಿ ಹೊರಗ ಹಾಕಿ, ಅದನ್ನ ನೆತ್ತಿ ಮ್ಯಾಲ ಸುರವಿಕೊಂಡ. ಆಮ್ಯಾಲ ನಡಗಕೋತ ಹೊರಗ ಬಂದ.

"ನಿನ್ನ ಡೇರೆನೂ ಸೋರಿತೇನೋ ಇಠೋಬಾ?" ಅಂದ ದಿಂಡಿ ಹಿರ್ಯಾ ಅಪ್ಪಣ್ಣ ಮಾರಾಜ.

"ದೇವರಿಗೆ ನಾವೆಲ್ಲಾ ಒಂದ ಅಲ್ರಿ ಮಾರಾಜ್ರ" ಅಂದ ಇಠೋಬಣ್ಣ.

ಇದನ್ನ ಕೇಳಿ ಹೆಂಗಸರು ಕಣ್ಣೀರು ತಗದ್ರು ಅಂತಾರ.

ಅಷ್ಟರಾಗ ಗೋದವ್ವನ್ನ ಇಬ್ಬರು ಹಿಡಕೊಂಡು ಬಂದ್ರು. ಮೈ ಕೆಂಡ ಆಗಿತ್ತು, ಹಲ್ಲು ಕಟಕಟ ಅನ್ನತಿದ್ದವು. ಮಲಗಸಾಕ ಎಲ್ಲೆರ ಅಂಗೈಯಷ್ಟು ಒಣಾ ಜಾಗಾ ನೋಡ್ರೋ ಅಂತ ಮಾರಾಜ ಒದರಿದ. ಹತ್ತಿರ ಇದ್ದದ್ದು ಇಠೋಬಣ್ಣನ ಡೇರೆ. ಯಾರೋ ಪರದೆ ಎತ್ತಿದ್ರು.

ಒಳಗ ಕಂಬಳಿ ಒಣಗಿತ್ತು. ನೆಲ ಒಣಗಿತ್ತು. ಮೂಲ್ಯಾಗ ದೂಳ ಇತ್ತು. ಆ ದಿನ ಆ ನಾಡಿನಾಗ ದೂಳ ಅದೊಂದ ಕಡೆ ಇತ್ತು ಅಂತಾರ.

ಬೈದಿದ್ರ ಛಲೋ ಆಗತಿತ್ತು. ಗೋದವ್ವನ್ನ ಒಳಗ ಮಲಗಿಸಿದ್ರು. ಆಕಿ ಕಂಬಳಿ ಮುಟ್ಟಿ ನೋಡಿದ್ಲು, ಡೇರೆ ಬಟ್ಟಿ ಮುಟ್ಟಿ ನೋಡಿದ್ಲು, ಆಮ್ಯಾಲ ಇಠೋಬಣ್ಣನ ತಲಿ ನೋಡಿದ್ಲು.

"ಒಳಗ ಬೆಚ್ಚಗೈತಲ್ಲೋ ತಮ್ಮಾ. ಮತ್ತ ಯಾಕ ತಣ್ಣೀರು ಹೊಯ್ಕೊಂಡಿ? ನೆಗಡಿ ಆಗತೈತಿ, ಒರಸಕೋ."

ಆ ಮಾತಿಗೆ ಇಠೋಬಣ್ಣ ಕೆಸರಾಗ ಕುಂತುಬಿಟ್ಟ. ಕುಂತಲ್ಲೇ ಎಲ್ಲಾ ಹೇಳಿದ, ತಕ್ಕಡಿಗೆ ಇಟ್ಟದ್ದು ಒಂದು, ನೀರಿಗೆ ಒಡ್ಡಿದ್ದು ಒಂದು. ಹೇಳೋವಾಗ ನಾಕು ಸಲ ಸೀನಿದ. ಯಾರೂ ನಗಲಿಲ್ಲ.

ಬಾಜೂ ಊರಿನ ಸೂಲಗಿತ್ತಿ ಬಂದು ನೋಡಿ, ಮುದುಕಿ ಎದ್ದು ನಡದ್ರ ಉಳಿಯೋದಿಲ್ಲ ಅಂದ್ಲು. ಬಂಡಿ ತರಿಸ್ತೀವಿ ಅಂದ್ರು ಮಂದಿ. ಬೇಡಿಕೊಂಡದ್ದು ಕಾಲಿಲೆ, ಗಾಲಿಲೆ ಅಲ್ಲ ಅಂದ್ಲು ಗೋದವ್ವ. ಪಂಢರಪುರ ಇನ್ನ ಮೂರು ದಿನದ ದಾರಿ. ಏಕಾದಶಿ ಯಾರಿಗೂ ಕಾಯೋದಿಲ್ಲ. ಆಕಿ ಭಾಳ ಹೊತ್ತು ಗ್ವಾಡಿ ಕಡೆ ಮಾರಿ ಮಾಡಿದಂಗ ಡೇರೆ ಬಟ್ಟಿ ಕಡೆ ಮಾರಿ ಮಾಡಿ ಮಲಗಿದ್ಲು. ಆಮ್ಯಾಲ ಇಠೋಬಣ್ಣನ್ನ ಕರದ್ಲು.

"ನನ್ನ ತುಳಸಿ ನೀ ಹೊತ್ತಕೊಂಡು ಹೋಗು. ಗಂಡಸು ಯಾಕ ತುಳಸಿ ಹೊತ್ತಾನ ಅಂತ ದಾರ್ಯಾಗ ಕೇಳತಾರ. ಕೇಳಿದವರಿಗೆಲ್ಲಾ ಖರೆ ಹೇಳು."

ಇಠೋಬಣ್ಣ ರುಮಾಲು ಬಿಚ್ಚಿ ಸಿಂಬಿ ಸುತ್ತಿ ತುಳಸಿ ತಲಿ ಮ್ಯಾಲ ಇಟಗೊಂಡ. ನಾಕು ಹೆಜ್ಜಿಗೆ ಎರಡು ಸಲ ಜಾರಿತು. ಹೆಂಗಸರ ಸಾಲಿನಾಗ ನಿಂತು ನಡಿಯೋದು ಕಲತ. ಮೊದಲ ಕೇಳಿದಾಂವ ಒಬ್ಬ ಕಬ್ಬಿನ ತ್ವಾಟದಾಂವ. ಮುದುಕಿಗೆ ಆರಾಮಿಲ್ಲರಿ ಅಂದ ಇಠೋಬಣ್ಣ. ಹಿಂದಿನ ಹೆಂಗಸು ಕೆಮ್ಮಿದ್ಲು. ಆ ಕೆಮ್ಮು ನೆಗಡೀದಲ್ಲ ಅಂತ ಅವಗ ಗೊತ್ತಾತು. ತಿರುಗಿ ಹೋಗಿ, "ನಾ ಸೋರೋ ಡೇರೆ ಮಂದಿಗೆ ಕೊಟ್ಟೆ, ಸೋರದ್ದನ್ನ ನಾ ಇಟಗೊಂಡೆ. ಅದಕ್ಕ ಮುದುಕಿ ಬಿದ್ದಾಳ" ಅಂದ.

ಮೂರು ದಿನ ಅದ ಮಾತು. ಬಾವಿ ಕಟ್ಟಿ ಮ್ಯಾಲ, ಅಗಸಿ ಬಾಗಲದಾಗ, ಹೊಳಿ ದಂಡ್ಯಾಗ. ಬ್ಯಾರೆ ದಿಂಡಿ ಮಂದಿ ಕೇಳಾಕಂತ ಹಿಂದ ಸರದು ಬಂದ್ರು ಅಂತಾರ. ಒಬ್ಬ ಕಿವುಡ ಮುದುಕ ಮೂರು ಸಲ ಹೇಳಿಸಿದ, ಮೂರನೇ ಸಲ ಇಠೋಬಣ್ಣ ಒದರಿದ್ದು ಹೊಳಿ ಆಚೀ ದಂಡಿಗೆ ಕೇಳಿತು ಅಂತಾರ. ಇಠ್ಠಲನೂ ಇಟ್ಟಂಗಿ ಮ್ಯಾಲಿಂದ ಬಗ್ಗಿ, ಏನಂದೀ ಅಂತ ಕೇಳಿದ ಅಂತನೂ ಅಂತಾರ. ಅದು ನನಗ ಗೊತ್ತಿಲ್ಲ. ಕೇಳಿದ್ರೂ ಇಠೋಬಣ್ಣ ಖರೆ ಹೇಳಿರತಾನ.

ತಿರುಗಿ ಬಂದಾಗ ಗೋದವ್ವ ಸೂಲಗಿತ್ತಿ ಮನ್ಯಾಗ ಎದ್ದು ಕುಂತು ಗಂಜಿ ಕುಡೀತಿದ್ಲು. ಜ್ವರ ಇಳದಿತ್ತು. ನಿನ್ನ ತುಳಸಿ ಮುಟ್ಟಿತಲ್ಲ ಆಯಿ, ಹನ್ನೆರಡು ಆದಂಗ ಅಂತ ಮಂದಿ ಸಮಾಧಾನ ಮಾಡಿದ್ರು.

"ಹನ್ನೊಂದ" ಅಂದ್ಲು ಗೋದವ್ವ. "ಹನ್ನೊಂದ ಅನ್ರಿ."

ಮತ್ತ ನಾಕು ವರ್ಷ ಬದುಕಿದ್ಲು. ಇಠೋಬಣ್ಣನ್ನ ಕಂಡಾಗೆಲ್ಲಾ ಉಂಡ್ಯೇನಪಾ ಅಂತ ಕೇಳತಿದ್ಲು. ಆದ್ರ ಎಷ್ಟು ಸಲ ನಡದಿ ಅಂತ ಯಾರು ಕೇಳಿದ್ರೂ, ಹನ್ನೊಂದ.

ಇಠೋಬಣ್ಣ ಗುಡಿ ಮುಂದ ಸೂಜಿ ಕೆಳಗಿಟ್ಟ. ಮುಂದ ಡೇರೆ ಹೊಲಿದಾಕಿ ಸುಂದ್ರವ್ವ. ಇಂವ ಎಣ್ಣಿ ಹಚ್ಚತಿದ್ದ, ಮೂರು ಕೈ. "ಇವು ತುಳಸಿಕ್ಕಿಂತ ಭಾರ ಅದಾವು. ಹೊರಾಕ ಆಗದವರು ಹೇಳ್ರಿ, ನಾ ಹೊರತೀನಿ" ಅಂತಿದ್ದ. ಒಂದು ವರ್ಷ ಒಂಬತ್ತು ಡೇರೆ ಹೊತ್ತು ನಡದ, ದೂರಿಂದ ನೋಡಿದವರು ಗುಡ್ಡ ನಡದು ಬರಾಕತ್ತೈತಿ ಅಂತ ಕೈ ಮುಗದ್ರು ಅಂತಾರ.

ಇಷ್ಟೊತ್ತು ನಾ ಒಂದು ಮಾತು ನುಂಗಿ ಹೇಳೀನಿ. ಆ ದಿನ ಗುಡಿ ಮುಂದ ತಕ್ಕಡಿ ಹಿಡದಾಂವ ನಮ್ಮ ಮನಿ ಹಿರ್ಯಾ. ಮೂರು ಕೈ ಎಣ್ಣಿ ಕುಡದ ಬಟ್ಟಿ ಒಂದೀಟು ಹಳದಿ ಇರತೈತಿ. ತೂಗಿದ್ದು ಬಿಳಿ, ತೊಯ್ಸಿದ್ದು ಹಳದಿ. ಅಂವ ನೋಡಿದ್ದ. ಸುಮ್ಮನಿದ್ದ. ಬೆನ್ನು ನೋವಿನ ಮನಷ್ಯಾ, ಅವಗೂ ಹಗೂರ ಡೇರೆ ಬೇಕಾಗಿತ್ತು. ಇಠೋಬಣ್ಣ ಊರೂರಿಗೆ ತನ್ನ ತಪ್ಪು ಹೇಳಕೋತ ಹೋಗೋವಾಗ ನಮ್ಮಾಂವ ಅವನ ಹಿಂದನ ತಾಳ ಬಾರಿಸಕೋತ ನಡದಿದ್ದ. ಸಾಯೋವಾಗ ಒಮ್ಮೆ ಹೇಳಿದನಂತ, ಅದೂ ಮಕ್ಕಳಿಗೆ ಅಷ್ಟ. ಮಕ್ಕಳು ಊರಿಗೆ ಹೇಳಿದ್ರು.

ಅದಕ್ಕ ಇವತ್ತಿಗೂ ನಮ್ಮ ದಿಂಡಿ ಹೊಂಡೋ ಮುಂಚೆ ಎಲ್ಲಾ ಡೇರೆ ಗುಡಿ ಮುಂದ ಹೊಡೀತಾರ. ಡೇರೆ ಹೊಲಿದಾಂವ ಒಂದರಾಗ ಹೋಗಿ ಕುಂದರಬೇಕು. ಯಾವುದರಾಗ ಅನ್ನೋದನ್ನ ಊರಾಗಿನ ಹಿರಿ ಮುದುಕಿ ತೋರಸತಾಳ. ನೀರು ಹೊಯ್ಯೋ ಮುಂಚೆ ಮಾರಾಜ್ರು ಮೂರು ಸಲ ಕೇಳತಾರ, ಯಾರರೆ ಏನರೆ ನೋಡೀರೇನು ಅಂತ. ಮೊದಲ ಬಾಯಿ ಬಿಡಬೇಕಾದವರು ನಮ್ಮ ಮನಿಯವರು. ಕಂಡದ್ದು ಹೇಳಬೇಕು, ಏನೂ ಕಾಣದಿದ್ರ ಕಂಡಿಲ್ಲ ಅಂತ ಹೇಳಬೇಕು. ಸುಮ್ಮನ ನಿಂದ್ರಾಕ ನಮಗೊಬ್ಬರಿಗೆ ಪರವಾನಗಿ ಇಲ್ಲ.

ಹೋದ ವರ್ಷ ನಾ ನಿಂತಿದ್ದೆ. ಒಂದು ಡೇರೆ ಹೊಲಿಗಿ ಬಿಚ್ಚಿದ್ದು ಕಣ್ಣಿಗೆ ಬಿತ್ತು. ಹೊಲಿದಾಂವ ನನ್ನ ಸ್ವಂತ ಅಳಿಯ, ಲಗ್ನ ಆಗಿ ಇನ್ನ ವರ್ಷ ತುಂಬಿರಲಿಲ್ಲ. ಮಾರಾಜ್ರು ಒಂದು ಸಲ ಕೇಳಿದ್ರು, ನಾ ನೆಲ ನೋಡಿದೆ. ಎರಡನೇ ಸಲ ಕೇಳಿದ್ರು, ಮಗಳು ನನ್ನ ಕಡೆ ನೋಡಿದ್ಲು, ನಾ ಆಕಾಶ ನೋಡಿದೆ. ಮೂರನೇ ಸಲಕ್ಕ ಹೇಳಿದೆ.

ಅಳಿಯ ಇನ್ನೂ ನನ್ನ ಕೂಡ ಮಾತಾಡವಲ್ಲ. ಹೊಲಿಗಿ ಸರಿ ಮಾಡಿದ ಆ ಡೇರ್ಯಾಗ ಮಲಗಿದ ಮುದುಕಿ ಮಾತ್ರ ನಡದು ಹೋಗಿ ನಡದು ಬಂದ್ಲು. ಆಕಿದು ಅದು ಹನ್ನೆರಡರಾಗ ಏಳನೇದಂತ.