ಕಟ್ಟೆಯ ಮೇಲಿನ ಹೀರೇಕಾಯಿ

“ಬೆಳೆದದ್ದನ್ನು ಮಾರುವುದು ತಪ್ಪಲ್ಲವೇ ಗುರುಗಳೇ? ಭೂಮಿ ಪುಕ್ಕಟೆ ಕೊಟ್ಟದ್ದಕ್ಕೆ ನಾವು ಬೆಲೆ ಕಟ್ಟಬಹುದೇ?”

ಕೇಳಿದವನು ಕಿರಿಯ ಶಿಷ್ಯ ಅಡವೀಶ. ಮಠದ ಹಿತ್ತಿಲು ಅವನ ಕೈಗೆ ಬಂದು ಒಂದು ಮಳೆಗಾಲ ಕಳೆದಿತ್ತು. ಅವನು ಮುಟ್ಟಿದ್ದೇ ತಡ, ರಾಜಗಿರಿ, ಮೆಂತ್ಯ, ಪುಂಡಿಸೊಪ್ಪು ಒಂದರ ಹಿಂದೊಂದು ಎದ್ದು ಬಂದವು. ಮಠದ ಅಡಿಗೆಗೆ ಸಾಕಾಗಿ ಮಿಕ್ಕಿದ್ದನ್ನು ಅವನು ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಹಂಚುತ್ತಿದ್ದ. ಅದೇ ಬಾಗಿಲ ಬಲಕ್ಕೆ ಶಾವಂತ್ರವ್ವ ಎಂಬ ಹೆಂಗಸು ತನ್ನ ಹೊಲದ ಸೊಪ್ಪನ್ನು ಬುಟ್ಟಿಯಲ್ಲಿಟ್ಟುಕೊಂಡು ಮಾರಲು ಕೂರುತ್ತಿದ್ದಳು. ಅಡವೀಶ ಮಠಕ್ಕೆ ಬರುವುದಕ್ಕೆ ಎಷ್ಟೋ ಮೊದಲಿಂದಲೂ ಅದು ಅವಳ ಜಾಗ. ಹಿಂದಿನ ದಿನ ಅವಳು ಎಲ್ಲರ ಎದುರಿಗೆ ಅಂದುಬಿಟ್ಟಿದ್ದಳು, “ಮರಿದೇವ್ರ, ನಿಮಗ ಹಸಿವಾದ್ರ ಮಠದಾಗ ಗಂಟಿ ಹೊಡಿತಾರ. ನನಗ್ಯಾರು ಹೊಡಿತಾರ್ರಿ?”

ಸುತ್ತ ನಿಂತವರು ನಕ್ಕಿದ್ದರು. ಆ ನಗು ಅವನಿಗೆ ನಾಟಿತ್ತು. ಇನ್ನು ಮೇಲೆ ಮಠದ ಬಾಗಿಲಲ್ಲಿ ಯಾರೂ ಏನನ್ನೂ ಮಾರಕೂಡದು ಎಂದು ಗುರುಗಳ ಬಾಯಿಂದಲೇ ಹೇಳಿಸಬೇಕೆಂದು ಅವನು ಬಂದಿದ್ದ. ಆ ದಿನದ ಸೊಪ್ಪು ಹಂಚಿ ಮುಗಿದಿತ್ತು. ಖಾಲಿ ಬುಟ್ಟಿ ಕೈಯಲ್ಲೇ ಇತ್ತು.

ಗುರುಗಳು ಕೂರು ಎಂದು ಕೈ ತೋರಿಸಿ, ಕತೆ ಹೇಳಿದರು.

ಒಂದೂರಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕೂತ. ಕೂತವನಿಗೆ ಹೊತ್ತು ಹೋಗಲಿಲ್ಲ. ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನು ಮಾತಾಡಿಸುವುದು, ಒಳಗೆ ಹೋಗಿ ಹೆಂಡತಿಯ ಅಡಿಗೆಯಲ್ಲಿ ತಪ್ಪು ಹುಡುಕುವುದು, ಬೈಸಿಕೊಂಡು ಮತ್ತೆ ಕಟ್ಟೆಗೆ ಬರುವುದು.

ಆ ಬೀದಿಗೆ ದಿನಾ ಒಬ್ಬ ರೈತ ಕಾಯಿಪಲ್ಯೆ ಹೊತ್ತು ತರುತ್ತಿದ್ದ. ಊರಂಚಿನಲ್ಲೇ ಅವನ ತುಂಡು ಹೊಲ. ಇಬ್ಬನಿ ಆರುವ ಮೊದಲು ಕಿತ್ತದ್ದು ಒಲೆ ಹೊತ್ತಿಸುವ ಹೊತ್ತಿಗೆ ಬಾಗಿಲಲ್ಲಿರುತ್ತಿತ್ತು. ತೂಗಿದ ಮೇಲೆ ಒಂದು ಹಿಡಿ ಕೊಸರು ಹಾಕದೆ ಅವನು ತಕ್ಕಡಿ ಎತ್ತಿದವನಲ್ಲ. ವ್ಯಾಪಾರಿ ಒಂದು ದಿನ ಹೊತ್ತು ಹೋಗುವುದಿಲ್ಲವೆಂದು ಅವನ ಮುಂದೆ ಗೋಳು ತೋಡಿಕೊಂಡ. ಮಾರನೆಯ ದಿನ ರೈತ ಕೊಸರಿನ ಜೊತೆಗೆ ಒಂದಿಷ್ಟು ಬದನೆಯ ಸಸಿಗಳನ್ನೂ ಚಿಂದಿಯಲ್ಲಿ ಕಟ್ಟಿದ ಹೀರೆ ಬೀಜಗಳನ್ನೂ ಕೊಟ್ಟ. ಬಚ್ಚಲ ನೀರನ್ನು ಹಿತ್ತಿಲಿಗೆ ತಿರುಗಿಸಿಕೊಳ್ಳಿ ಎಂದ.

ಹಿತ್ತಿಲು ಹಿಡಿಯಿತು. ಬದನೆಗಿಡ ಕಾಯಿಯ ಭಾರಕ್ಕೆ ಬಾಗಿತು. ಹೀರೆಬಳ್ಳಿ ಬಚ್ಚಲಮನೆಯ ಮೇಲೇರಿ ಅಲ್ಲಿಂದ ಕೊಟ್ಟಿಗೆಗೆ ದಾಟಿತು. ಹೀರೇಕಾಯಿ ಪಲ್ಯೆ, ಹೀರೇಕಾಯಿ ಬೇಳೆ, ಹೀರೇಸಿಪ್ಪೆಯ ಚಟ್ನಿ ಎಲ್ಲ ಆಗಿ ಮುಗಿದ ಮೇಲೆ ಹೆಂಡತಿ ಕೈ ಮುಗಿದಳು. ಮಾರೋಣವೆಂದರೆ, ರೇಷ್ಮೆ ಸೀರೆ ಅಳೆದ ಕೈಯಲ್ಲಿ ಬದನೆಕಾಯಿ ತೂಗುವುದು ವ್ಯಾಪಾರಿಗೆ ಸರಿಬರಲಿಲ್ಲ. ಕಟ್ಟೆಯ ಮೇಲೆ ಗುಡ್ಡೆ ಹಾಕಿ, ಬೇಕಾದವರು ಒಯ್ಯಲಿ ಎಂದ.

ಬೀದಿ ಒಯ್ದಿತು. ಒಯ್ದವರು ಅವನ ಕೈಗುಣವನ್ನು ಹೊಗಳಿದರು. ಆಯುಷ್ಯವಿಡೀ ಅಂಗಡಿಯಲ್ಲಿ ಕೂತಾಗ ಜನ ಅವನ ಜೊತೆ ಚೌಕಾಸಿ ಮಾಡಿದ್ದರೇ ಹೊರತು ಹೊಗಳಿರಲಿಲ್ಲ. ಹೊಗಳಿಕೆ ಅವನಿಗೆ ರುಚಿಸಿತು. ಬಲಿತ ಕಾಯಿ ಇಟ್ಟರೆ ಯಾರಾದರೂ ಮೂಗು ಮುರಿದಾರು ಎಂದು ಎಲ್ಲವನ್ನೂ ಎಳೆಯದಾಗಿರುವಾಗಲೇ ಕಿತ್ತ. ಪಕ್ಕದ ಖಾಲಿ ಜಾಗವನ್ನೂ ಅಗೆಸಿದ. ಎರಡನೆಯ ಬೀದಿಗೂ ಬುಟ್ಟಿ ಕಳಿಸಿದ. ಊರಿಗೆ ಇದ್ದದ್ದೇ ಎರಡು ಬೀದಿ.

ರೈತ ಎಂದಿನಂತೆ ಬರುತ್ತಿದ್ದ. ಅವನ ಬುಟ್ಟಿ ಅರ್ಧ ಉಳಿದು ಮರಳಿತು. ಆಮೇಲಾಮೇಲೆ ತುಂಬಿದ್ದು ತುಂಬಿದಂತೆಯೇ ಮರಳಿತು. ಸಸಿ ಕೊಟ್ಟವನೇ ತಾನು, ಏನೆಂದು ಅಂದಾನು? ಕೊನೆಗೆ ಬರುವುದನ್ನೇ ಬಿಟ್ಟ. ವ್ಯಾಪಾರಿಯ ಗಮನಕ್ಕೆ ಅದು ಬರಲೇ ಇಲ್ಲ. ಅವನು ಕಟ್ಟೆಯ ಮೇಲೆ ಕಾಯಿ ಜೋಡಿಸುತ್ತಿದ್ದ.

ಬೇಸಿಗೆ ಕಳೆದು ಮಳೆ ಬಿತ್ತು. ವ್ಯಾಪಾರಿ ಮಡಿ ಮಾಡಿ, ಗೊಬ್ಬರ ಹಾಕಿ, ಬೀಜ ತರಲು ಒಳಗೆ ಹೋದ. ಬೀಜವಿರಲಿಲ್ಲ. ಬಳ್ಳಿಯಲ್ಲಿ ಒಂದು ಕಾಯನ್ನಾದರೂ ಒಣಗಲು ಬಿಟ್ಟಿದ್ದರೆ ತಾನೇ ಬೀಜ? ರೈತನನ್ನು ಕೇಳಿದರಾಯಿತು ಎಂದು ಕೊಡೆ ಹಿಡಿದು ಹೊಲಕ್ಕೆ ನಡೆದ.

ಹೊಲದಲ್ಲಿ ರೈತ ಹತ್ತಿ ಊರುತ್ತಿದ್ದ.

“ಬರ್ರಿ ಸಾವಕಾರ್ರ,” ಎಂದ. “ಅರಿವಿ ಮಾರೋ ನೀವು ಕಾಯಿಪಲ್ಯೆ ಹಿಡಿದ್ರಿ, ಕಾಯಿಪಲ್ಯೆ ಮಾರೋ ನಾನು ಅರಿವಿಗೆ ಹತ್ತಿ ಹಾಕಾಕತ್ತೀನಿ. ಸಮ ಆತ ನೋಡ್ರಿ.”

“ಚಾಷ್ಟಿ ಇರ್ಲಿ ಬಿಡೋ. ಒಂದ ಹಿಡಿ ಹೀರಿಬೀಜ ಕೊಡು. ಬದನಿ ಸಸಿ ಇದ್ರ ಅವನ್ನೂ ಕೊಡು.”

“ಎಲ್ಲಿಂದ ಕೊಡ್ಲಿ? ಈ ಸಲ ಬೀಜಕ್ಕ ಬಿಡಲೇ ಇಲ್ಲ.”

“ರೈತ ಆಗಿ ಬೀಜಕ್ಕ ಬಿಡಲಿಲ್ಲ ಅಂದ್ರ ಹೆಂಗೋ?”

“ಬರೋ ವರ್ಷ ಕೊಳ್ಳೋರು ಅದಾರ ಅನ್ನೋ ಧೈರ್ಯದ ಮ್ಯಾಲ ಬೀಜಕ್ಕ ಬಿಡ್ತೀವ್ರಿ,” ಎಂದ ರೈತ. “ನಮ್ಮ ಮನಿಯಾಕಿ ಸೈತ ನಿಮ್ಮ ಕಟ್ಟಿ ಮ್ಯಾಗಿನ ಹೀರಿಕಾಯಿ ತಂದು ಪಲ್ಯೆ ಮಾಡ್ತಿದ್ಲು. ಸುಳ್ಳ ಯಾಕ ಹೇಳ್ಲಿ, ಭಾಳ ಎಳಿ ಇರ್ತಿದ್ವು.”

ಸಿಟ್ಟಿನಿಂದ ಅಂದ ಮಾತಲ್ಲ. ಕುಡಿಯಲು ನೀರು ಕೊಟ್ಟು ರೈತ ತನ್ನ ಸಾಲಿಗೆ ಹೋದ.

ವ್ಯಾಪಾರಿ ಪೇಟೆಯಿಂದ ಬೀಜ ತರಿಸಿ ಹಾಕಿದ. ಅದು ಆ ಮಣ್ಣಿಗೆ ಹೊಂದಲಿಲ್ಲ. ಬಳ್ಳಿ ಹಬ್ಬಿತು, ಹೂ ಉದುರಿತು. ಅಷ್ಟರಲ್ಲಿ ಊರಿಗೆ ಎಲ್ಲಿಂದಲೋ ಕಾಯಿಪಲ್ಯೆಯ ಲಾರಿ ಬರತೊಡಗಿತು. ಬಾಡಿದ ಬದನೆ, ನಾರಾದ ಹೀರೇಕಾಯಿ. ಕೊಸರು ಕೇಳಿದರೆ ಲಾರಿಯವನಿಗೆ ಆ ಮಾತೇ ತಿಳಿಯುತ್ತಿರಲಿಲ್ಲ. ಬೇರೆ ದಾರಿಯಿಲ್ಲದೆ ಜನ ಕೊಂಡರು. ಕೊಂಡು ಹೋಗುವಾಗ ಬರಿದಾದ ಕಟ್ಟೆಯ ಮುಂದೆ ನಿಂತು, “ಯಾಕ್ರಿ ಸಾವಕಾರ್ರ, ಈ ವರ್ಷ ಕೈ ಬಿಗಿ ಹಿಡಿದ್ರಿ?” ಎಂದರು.

ಗುರುಗಳು ಇಲ್ಲಿಗೆ ಕತೆ ಮುಗಿಸಿದರು.

ಅಡವೀಶನಿಗೆ ಕತೆ ಅಲ್ಲಿಗೇ ನಿಂತದ್ದು ಹಿಡಿಸಲಿಲ್ಲ. ಅವನಿಗೆ ಬೇಕಿದ್ದ ಮಾತು ಅದರಲ್ಲಿ ಬಂದಿರಲಿಲ್ಲ.

“ಹಾಗಾದರೆ ವ್ಯಾಪಾರಿ ಹಿತ್ತಿಲನ್ನು ಪಾಳು ಬಿಡಬೇಕಿತ್ತೇ?”

“ಪಾಳು ಬೀಳಲೆಂದು ರೈತ ಸಸಿ ಕೊಟ್ಟನೇ?”

“ಮತ್ತೆ ವ್ಯಾಪಾರಿ ಪುಕ್ಕಟೆ ಕೊಟ್ಟದ್ದು ತಪ್ಪೇ? ಒಳ್ಳೆಯ ಮನಸ್ಸಿನಿಂದಲೇ ಕೊಟ್ಟನಲ್ಲ.”

ಗುರುಗಳು ಅವನ ಪಕ್ಕದಲ್ಲಿದ್ದ ಖಾಲಿ ಬುಟ್ಟಿಯನ್ನು ನೋಡಿದರು.

“ಶಾವಂತ್ರವ್ವ ಇವತ್ತು ಬಂದಿದ್ದಳೇ, ನೋಡಿದೆಯೇನಪ್ಪಾ?”