ಬಿಳಿಗಾಲಿಯ ಹೊಟ್ಟೆಯ ಬಿಟ್ಟಿ ನೆಂಟರು

ಬಿದಿರುಮೆಳೆಗಳು ತುಂಬಿದ ಕಾಡಿನಲ್ಲಿ, ಕೆರೆಯ ದಂಡೆಯ ಹತ್ತಿರ, ಬಿಳಿಗಾಲಿ ಎಂಬ ಕಾಡೆಮ್ಮೆ ತನ್ನ ಎಳೆಗರುವಿನ ಜೊತೆ ಇದ್ದಳು.

ಅವಳ ಹೊಟ್ಟೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಕೋಟಿಗಟ್ಟಲೆ ಇದ್ದವು. ಬ್ಯಾಕ್ಟೀರಿಯಾ ಅಂತೀವಲ್ಲ ಮಕ್ಕಳೇ, ಅವೇ. ಬಿಳಿಗಾಲಿ ಹುಲ್ಲು ನುಂಗಿದರೆ ಸಾಕು, ಒಳಗೆ ಗುಳುಗುಳು ಸದ್ದು ಶುರುವಾಗುತ್ತಿತ್ತು.

ಒಂದು ದಿನ ಅವಳು ಕೇಳಿಯೇಬಿಟ್ಟಳು, "ಯಾರದು ಒಳಗೆ?"

"ನಾವು ಕಣಮ್ಮ. ನೀನು ನುಂಗಿದ ಹುಲ್ಲನ್ನು ದೋಸೆಹಿಟ್ಟಿನ ಹಾಗೆ ಹುಳಿ ಬರಿಸುತ್ತಿದ್ದೇವೆ."

"ಅಂದರೆ ನನ್ನ ಹುಲ್ಲನ್ನು ಮೊದಲು ತಿನ್ನೋರು ನೀವು?"

"ಹೌದು. ಆದರೆ..."

ಆ 'ಆದರೆ' ಏನು ಅಂತ ಬಿಳಿಗಾಲಿ ಕೇಳಲೇ ಇಲ್ಲ. ಸಿಟ್ಟು ನೆತ್ತಿಗೇರಿತ್ತು. "ಗುಡ್ಡ ಹತ್ತಿಳಿದು ಮೇಯೋಳು ನಾನು, ಕೂತು ತಿನ್ನೋರು ಈ ಬಿಟ್ಟಿ ನೆಂಟರು. ಹುಲ್ಲನ್ನೇ ಬಿಟ್ಟರೆ ತಾವಾಗಿ ಜಾಗ ಖಾಲಿ ಮಾಡ್ತಾರೆ" ಅಂದುಕೊಂಡಳು.

ಆ ವರ್ಷ ಬಿದಿರು ಹೂ ಬಿಟ್ಟಿತ್ತು. ನೆಲದ ತುಂಬ ಬಿದಿರಕ್ಕಿ ಉದುರಿತ್ತು. ಹಿಂಡಿನ ಹಿರಿಯಳಾದ ಮುರಿಗೊಂಬಿನ ದೊಡ್ಡವ್ವ ಹೇಳಿದಳು, "ತಿನ್ನು, ಬೇಡ ಅನ್ನಲ್ಲ. ಹುಲ್ಲಿನ ಜೊತೆ ಒಂದೊಂದೇ ಬಾಯಿ ತಿನ್ನು. ಒಳಗಿನವರಿಗೆ ರೂಢಿಯಾಗಲಿ."

"ಒಳಗಿನವರ ಸುದ್ದಿ ಮಾತ್ರ ಎತ್ತಬೇಡ ದೊಡ್ಡವ್ವ" ಎಂದು ಬಿಳಿಗಾಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬರೀ ಅಕ್ಕಿಯನ್ನೇ ಮುಕ್ಕಿದಳು.

"ಅಮ್ಮ, ಬರೀ ಅಕ್ಕಿಗೆ ಹುಳಿ ವಿಪರೀತ ಆಯಿತು, ತಡೆಯಲಾರೆವು" ಅಂತ ಒಳಗಿನಿಂದ ದನಿ ಬಂತು. ಮಾರನೆಯ ದಿನ ಆ ದನಿಯೂ ನಿಂತಿತು. ಪೀಡೆ ತೊಲಗಿತು ಅಂತ ಬಿಳಿಗಾಲಿ ಹಿಗ್ಗಿದಳು.

ಆ ಹಿಗ್ಗು ಎಷ್ಟು ಹೊತ್ತು? ಹೊಟ್ಟೆ ತಮಟೆಯಂತೆ ಬಿಗಿಯಿತು. ಹುಲ್ಲು ತಿಂದರೆ ಕಲ್ಲಿನ ಹಾಗೆ ಕೂತಿತು. ಮೆಲುಕು ಬರಲಿಲ್ಲ. ಮೂರನೆಯ ದಿನ ಕರು ಕೆಚ್ಚಲು ಗುದ್ದಿ ಗುದ್ದಿ ಸೋತಿತು.

"ಅವ್ವ, ಹಾಲು ಬರ್ತಿಲ್ಲ."

ಬಿಳಿಗಾಲಿಯ ಕಣ್ಣು ತುಂಬಿತು. "ಹೊಟ್ಟೆ ತುಂಬ ಹುಲ್ಲಿದೆ ಮಗಳೇ. ಅರಗಿಸೋರಿಲ್ಲ."

ದೊಡ್ಡವ್ವ ಹತ್ತಿರ ಬಂದು ತಾನು ಮೆಲುಕು ಹಾಕುತ್ತಿದ್ದ ತುತ್ತನ್ನು ಅವಳ ಬಾಯ ಮುಂದೆ ಇಟ್ಟಳು. "ತಿನ್ನು. ನನ್ನ ಒಳಗಿನವರು ನಿನ್ನ ಹೊಟ್ಟೆಗೆ ಬರಲಿ."

"ಎಂಜಲಲ್ಲವಾ ದೊಡ್ಡವ್ವ?"

"ಎಂಜಲೇ. ಕರುವಾಗಿದ್ದಾಗ ನಿನ್ನವ್ವ ನಿನ್ನ ಮುಖ ನೆಕ್ಕಿದಳಲ್ಲ, ಒಳಗಿನವರು ನಿನಗೆ ಬಂದದ್ದೂ ಆ ಎಂಜಲಿನಲ್ಲೇ."

ಬಿಳಿಗಾಲಿ ತಲೆತಗ್ಗಿಸಿ ತಿಂದಳು. ದೊಡ್ಡವ್ವ ದಿನವೂ ಒಂದು ತುತ್ತು ಕೊಟ್ಟಳು. ಹಾಗೆ ಕೊಡತೊಡಗಿದ ನಾಲ್ಕನೆಯ ದಿನ ಒಳಗೆ ಮೆಲ್ಲಗೆ ಗುಳುಗುಳು ಎಂದಿತು.

"ಬಂದಿರಾ?" ಎಂದಳು ಬಿಳಿಗಾಲಿ.

"ಬಂದೆವು ಕಣಮ್ಮ, ಹೊಸಬರು. ಜಾಗ ಇದೆಯಾ?"

"ಮನೆ ನಿಮ್ಮದೇ. ಹಿಂದೆ ಇದ್ದವರು 'ಆದರೆ' ಅಂದಿದ್ದರು, ನಾನು ಕೇಳಿಸಿಕೊಳ್ಳಲಿಲ್ಲ. ಏನದು?"

"ಹುಲ್ಲನ್ನು ಮೊದಲು ತಿನ್ನೋರು ನಾವೇ. ಆದರೆ ನಾವು ತಿಂದು ಬಿಟ್ಟದ್ದರಿಂದಲೇ ನಿನ್ನ ಮೈಗೆ ಶಕ್ತಿ, ನಿನ್ನ ಕರುವಿಗೆ ಹಾಲು."

ಬಿಳಿಗಾಲಿ ತನ್ನ ಹೊಟ್ಟೆಯ ಕಡೆ ತಲೆ ಬಾಗಿಸಿದಳು. "ಹಾಗಾದರೆ ಇಷ್ಟು ದಿನ ನಿಮ್ಮ ಎಂಜಲು ತಿಂದು ಬದುಕಿದೋಳು ನಾನು. ನಿಮ್ಮ ಉಪಕಾರ ದೊಡ್ಡದು ಕಣ್ರಪ್ಪ."

ಆ ಸಂಜೆ ಕೆಚ್ಚಲಿಗೆ ಹಾಲಿಳಿಯಿತು. ಕುಡಿದು ಮುಗಿಸಿದ ಕರುವಿನ ಮುಖವನ್ನು ಅವಳು ನೆಕ್ಕುತ್ತಲೇ ಇದ್ದಳು.

"ಸಾಕು ಬಿಡವ್ವ, ಎಷ್ಟು ನೆಕ್ತೀಯಾ?" ಎಂದಿತು ಕರು.

"ತಡಿ ಮಗಳೇ, ನಿನ್ನ ಮನೆಗೂ ನೆಂಟರು ಬರಲಿ."

ನೀತಿ: ಕಣ್ಣಿಗೆ ಕಾಣದವರ ದುಡಿಮೆಯಿಂದಲೂ ನಮ್ಮ ಹೊಟ್ಟೆ ತುಂಬುತ್ತದೆ, ಅವರ ಉಪಕಾರವನ್ನು ಅವರು ಇರುವಾಗಲೇ ನೆನೆಯಬೇಕು.